ಇಪ್ಪತ್ತೈದು ಮೀಟರ್ ದೂರದ ನಂಬರ್ ಪ್ಲೇಟ್

ಹಾಸನದ ನಮ್ಮ ಮನೆ ಗೇಟಿನಿಂದ ಎದುರು ಸಾಲಿನ ಮೂರನೇ ಮನೆ ಮುಂದೆ ನಿಲ್ಲುವ ಬಿಳಿ ಕಾರಿನವರೆಗೆ ನನ್ನ ಲೆಕ್ಕದಲ್ಲಿ ಮೂವತ್ತೈದು ಹೆಜ್ಜೆ. ಹೆಚ್ಚುಕಡಿಮೆ 25 ಮೀಟರ್. ಮಳೆ ಬಿಟ್ಟು ಬಿಸಿಲು ಬಿದ್ದ ಒಂದು ಬೆಳಿಗ್ಗೆ ಅಪ್ಪನನ್ನು ಗೇಟಿನ ಹತ್ತಿರ ನಿಲ್ಲಿಸಿ, ‘ಅಪ್ಪ, ಆ ಕಾರಿನ ನಂಬರ್ ಓದಿ ನೋಡೋಣ’ ಎಂದೆ. ಅವರು ಕನ್ನಡಕ ಸರಿ ಮಾಡಿಕೊಂಡು ‘ಕೆಎ ಹದಿಮೂರು’ ಎಂದರು, ತಡವಿಲ್ಲದೆ. ಅದು ನಮ್ಮ ಜಿಲ್ಲೆಯ ನಂಬರು, ಕಣ್ಣು ಓದುವ ಮೊದಲೇ ಬಾಯಿಗೆ ಬರುತ್ತದೆ. ಕೊನೆಯ ನಾಲ್ಕು ಅಂಕಿಗೆ ಬಂದಾಗ ನಿಂತರು. ಮೂರೋ ಎಂಟೋ ಎಂದು ಎರಡು ಸಲ ಬದಲಾಯಿಸಿದರು. ಬಲಗಣ್ಣನ್ನು ಕೈಯಿಂದ ಮುಚ್ಚಿಕೊಂಡಾಗ ಸರಿಯಾಗಿ ಓದಿದರು. ಎಡಗಣ್ಣು ಮುಚ್ಚಿದಾಗ ಪ್ಲೇಟು ಇದೆ ಎನ್ನುವುದಷ್ಟೇ ಕಂಡಿತು.

ಇದು ನಾನು ಹುಟ್ಟಿಸಿಕೊಂಡ ಪರೀಕ್ಷೆಯಲ್ಲ. ಡ್ರೈವಿಂಗ್ ಲೈಸೆನ್ಸ್‌ಗೆ ಸಂಬಂಧಿಸಿದ ಫಾರಂ 1ರಲ್ಲಿ ಅರ್ಜಿದಾರರೇ ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು: ಒಳ್ಳೆಯ ಹಗಲು ಬೆಳಕಿನಲ್ಲಿ, ಕನ್ನಡಕ ಹಾಕುವವರಾದರೆ ಹಾಕಿಕೊಂಡೇ, 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟನ್ನು ಗುರುತಿಸಬಲ್ಲಿರಾ? ಅಪ್ಪನಿಗೆ 74. ಲೈಸೆನ್ಸ್ ಅವಧಿ ಮುಗಿಯಲು ಆಗ ನಾಲ್ಕು ತಿಂಗಳಿತ್ತು. ಆ ನಾಲ್ಕು ತಿಂಗಳು ಕೈಯಲ್ಲಿದ್ದದ್ದು ನಮ್ಮ ಪುಣ್ಯ.

ವಯಸ್ಸಾದವರ ಲೈಸೆನ್ಸ್ ಎಷ್ಟು ವರ್ಷ ನಡೆಯುತ್ತದೆ ಎನ್ನುವುದರ ಬಗ್ಗೆ ಇನ್ನೂ ಹಳೆಯ ಲೆಕ್ಕವೇ ಹಲವರ ತಲೆಯಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದ ಮೇಲೆ ಲೆಕ್ಕ ಬದಲಾಗಿದೆ. ಸ್ವಂತ ಬಳಕೆಯ ಸ್ಕೂಟರ್, ಬೈಕು, ಕಾರಿನ ಮಾತು ಹೇಳುತ್ತಿದ್ದೇನೆ. ಮೂವತ್ತು ತುಂಬಿ ಐವತ್ತರ ಒಳಗಿದ್ದವರಿಗೆ ಹತ್ತು ವರ್ಷ ಸಿಗುತ್ತದೆ. ಐವತ್ತರಿಂದ ಐವತ್ತೈದರ ಒಳಗೆ ನವೀಕರಿಸಿದರೆ ಅರವತ್ತು ತುಂಬುವವರೆಗೆ. ಐವತ್ತೈದು ತುಂಬಿದವರಿಗೆ ಪ್ರತಿ ಸಲವೂ ಐದೇ ವರ್ಷ. ಹಾಗಾಗಿ 51ಕ್ಕೆ ನವೀಕರಿಸಿದವರಿಗೆ ಒಂಬತ್ತು ವರ್ಷ ನಿಶ್ಚಿಂತೆ, 57ಕ್ಕೆ ಮಾಡಿಸಿದವರು 62ಕ್ಕೆ ಮತ್ತೆ ಹೋಗಬೇಕು. ಟ್ಯಾಕ್ಸಿ, ಆಟೊ, ಲಾರಿಯಂಥ ಬಾಡಿಗೆ ವಾಹನದ ಲೈಸೆನ್ಸ್‌ಗೆ ಯಾವ ವಯಸ್ಸಿನವರಿಗಾದರೂ ಐದು ವರ್ಷ. ಕಾರ್ಡಿನ ಮೇಲೆ ಎನ್‌ಟಿ ಎಂಬ ಅಕ್ಷರದ ಎದುರು ಇರುವುದು ಸ್ವಂತ ವಾಹನದ ಅವಧಿ, ಟಿಆರ್ ಎದುರು ಇರುವುದು ಬಾಡಿಗೆ ವಾಹನದ್ದು. ಇಷ್ಟು ವಯಸ್ಸಿನ ಮೇಲೆ ಗಾಡಿ ಓಡಿಸಬಾರದು ಎಂಬ ಮಿತಿಯನ್ನು ಕಾಯ್ದೆ ಹಾಕಿಲ್ಲ. ಎಂಬತ್ತರಲ್ಲೂ ನವೀಕರಿಸಬಹುದು, ದೇಹ ಒಪ್ಪಿದರೆ.

ಇನ್ನೊಂದು ಹಳೆಯ ನಂಬಿಕೆ, ಅವಧಿ ಮುಗಿದ ಮೇಲೂ ಮೂವತ್ತು ದಿನ ಓಡಿಸಬಹುದು ಎನ್ನುವುದು. ಹಿಂದೆ ಹಾಗೇ ಇತ್ತು. 2019ರ ತಿದ್ದುಪಡಿ ಆ ಸಾಲನ್ನು ತೆಗೆದುಹಾಕಿತು. ಕಾರ್ಡಿನ ಮೇಲಿನ ದಿನಾಂಕ ದಾಟಿದ ಮರುದಿನದಿಂದಲೇ ನೀವು ಲೈಸೆನ್ಸ್ ಇಲ್ಲದ ಚಾಲಕರು. ಪೊಲೀಸರ ದಂಡ ಹೇಗೂ ಕಟ್ಟಬಹುದು, ಅಪಘಾತವಾದರೆ ಪೆಟ್ಟು ಬೀಳುವುದು ಬೇರೆ ಕಡೆ. ಗಾಯಗೊಂಡವರಿಗೆ ಪರಿಹಾರವನ್ನು ವಿಮಾ ಕಂಪನಿ ಕೊಟ್ಟು, ಆಮೇಲೆ ಆ ಹಣವನ್ನು ವಾಹನ ಮಾಲೀಕರಿಂದ ವಸೂಲು ಮಾಡುವಂತೆ ನ್ಯಾಯಾಲಯಗಳು ಆದೇಶಿಸಬಹುದು. 2004ರ ಸ್ವರಣ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವಿವರವಾಗಿ ಚರ್ಚಿಸಿದ ದಾರಿ ಅದು. ಪಿಂಚಣಿಯಲ್ಲಿ ಬದುಕುವ ಮನೆಗೆ ಅಂಥ ವಸೂಲಿ ಬಂದರೆ ತಡೆದುಕೊಳ್ಳಲು ಆಗುತ್ತದೆಯೇ?

ಅರ್ಜಿಯನ್ನು ಅವಧಿ ಮುಗಿಯುವ ಒಂದು ವರ್ಷ ಮೊದಲೇ ಹಾಕಬಹುದು, ಮುಗಿದು ಒಂದು ವರ್ಷದೊಳಗೂ ಹಾಕಬಹುದು. ಒಂದು ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆ ಪಾಸಾಗಲೇಬೇಕು. ಹಿಂದೆ ಇದಕ್ಕೆ ಐದು ವರ್ಷದ ಸಡಿಲಿಕೆ ಇತ್ತು, ಈಗಿಲ್ಲ. ಎಪ್ಪತ್ತು ದಾಟಿದವರು ಹೋಗಿ ಹುಡುಗರ ನಡುವೆ ಎಂಟು ಹಾಕುವ ಪರಿಸ್ಥಿತಿ ಯಾಕೆ ತಂದುಕೊಳ್ಳಬೇಕು? ಹಾಗಂತ ಹನ್ನೊಂದು ತಿಂಗಳು ಮೊದಲೇ ಓಡುವುದೂ ಬೇಡ. ಕಾಯ್ದೆಯ ಪ್ರಕಾರ ಹೊಸ ಐದು ವರ್ಷ ಎಣಿಸುವುದು ನವೀಕರಣವಾದ ದಿನದಿಂದ. ತುಂಬಾ ಮೊದಲು ಹೋದರೆ ಹಳೆಯ ಕಾರ್ಡಿನ ಉಳಿದ ತಿಂಗಳುಗಳು ಕೈಬಿಟ್ಟು ಹೋಗುತ್ತವೆ. ನನ್ನ ಅನುಭವದಲ್ಲಿ ಮೂರು ನಾಲ್ಕು ತಿಂಗಳು ಮೊದಲು ಶುರು ಮಾಡುವುದು ಹದ. ಒಂದು ವರ್ಷದ ಅವಕಾಶ ನಿಜವಾಗಿ ಉಪಯೋಗಕ್ಕೆ ಬರುವುದು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಮಕ್ಕಳ ಮನೆಗೆ ಆರು ತಿಂಗಳಿಗೆಂದು ಹೊರಡುವ ಹಿರಿಯರಿಗೆ. ಅಲ್ಲಿರುವಾಗ ಇಲ್ಲಿಯ ಅವಧಿ ಮುಗಿಯುವಂತಿದ್ದರೆ ವಿಮಾನ ಹತ್ತುವ ಮೊದಲೇ ನವೀಕರಿಸಿಕೊಳ್ಳಿ. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಬೇಕಾದವರಿಗೂ ಇದು ಅಗತ್ಯ. ಆ ಪರ್ಮಿಟ್ ಹೆಚ್ಚೆಂದರೆ ಒಂದು ವರ್ಷ, ಅದೂ ಮೂಲ ಲೈಸೆನ್ಸ್ ಜೀವಂತ ಇರುವಷ್ಟು ದಿನ ಮಾತ್ರ.

ಇಡೀ ಕೆಲಸದಲ್ಲಿ ಮುಖ್ಯವಾದ ಕಾಗದ ಫಾರಂ 1ಎ, ವೈದ್ಯಕೀಯ ಪ್ರಮಾಣಪತ್ರ. ನಲವತ್ತು ದಾಟಿದ ಎಲ್ಲರೂ ಕೊಡಲೇಬೇಕು. ನೋಂದಾಯಿತ ವೈದ್ಯರು ಅರ್ಜಿದಾರರನ್ನು ಪರೀಕ್ಷಿಸಿ, ಸಹಿ, ಸೀಲು, ನೋಂದಣಿ ಸಂಖ್ಯೆ ಹಾಕಿ ಕೊಡಬೇಕಾದದ್ದು. ದೃಷ್ಟಿ ಹೇಗಿದೆ, ಕೆಂಪು ಹಸಿರು ಬಣ್ಣದ ವ್ಯತ್ಯಾಸ ತಿಳಿಯುತ್ತದೆಯೇ, ಇರುಳುಗಣ್ಣು ಇದೆಯೇ, ಹಾರ್ನ್ ಸದ್ದು ಕೇಳಿಸದಷ್ಟು ಕಿವುಡೇ, ಕೈಕಾಲಿನಲ್ಲಿ ಚಾಲನೆಗೆ ಅಡ್ಡಿಯಾಗುವ ತೊಂದರೆ ಇದೆಯೇ ಎಂದು ಅದು ಕೇಳುತ್ತದೆ. ಅರ್ಜಿದಾರರೇ ತುಂಬುವ ಫಾರಂ 1 ಮೂರ್ಛೆ ರೋಗ, ದಿಢೀರನೆ ಪ್ರಜ್ಞೆ ತಪ್ಪುವುದು, ತಲೆಸುತ್ತು ಇವುಗಳ ಬಗ್ಗೆಯೂ ಕೇಳುತ್ತದೆ. ಕನ್ನಡಕಕ್ಕೂ ಕಿವಿಯ ಮಿಷನ್ನಿಗೂ ಅಡ್ಡಿಯಿಲ್ಲ. ಐದು ವರ್ಷಕ್ಕಿಂತ ಹೆಚ್ಚು ಕಾಲ ಲೈಸೆನ್ಸ್ ಹೊಂದಿದ್ದು ಆಮೇಲೆ ಒಂದು ಕಣ್ಣು ಕಳೆದುಕೊಂಡವರು ಉಳಿದ ಒಂದೇ ಕಣ್ಣಿನಿಂದ ಪ್ಲೇಟು ಓದಬಲ್ಲರೇ ಎಂದು ಕೇಳುವಷ್ಟು ವಿವರವಾಗಿದೆ ಆ ಫಾರಂ.

ಆದರೆ ನಡೆಯುವುದು ಹೇಗೆ? ಐದು ವರ್ಷದ ಹಿಂದೆ ಅಪ್ಪನ ಕಾಗದಗಳನ್ನು ಏಜೆಂಟರೊಬ್ಬರ ಕೈಗೆ ಕೊಟ್ಟಿದ್ದೆ. ಮರುದಿನವೇ ಫಾರಂ 1ಎ ಸಹಿ ಸೀಲಿನ ಸಮೇತ ತಯಾರಾಗಿತ್ತು. ಎಲ್ಲ ಪ್ರಶ್ನೆಗಳ ಎದುರೂ ಸರಿಯಾದ ಉತ್ತರ. ಸಹಿ ಹಾಕಿದ ವೈದ್ಯರು ಅಪ್ಪನ ಮುಖವನ್ನೇ ನೋಡಿರಲಿಲ್ಲ. ಆಗ ಕೆಲಸ ಬೇಗ ಮುಗಿಯಿತು ಎಂದು ನೆಮ್ಮದಿಪಟ್ಟೆ. ಅದೇ ದಿನ ಯಾರಾದರೂ ಕಣ್ಣು ನೋಡಿದ್ದರೆ ಬಲಗಣ್ಣಿನ ಪೊರೆ ಇಷ್ಟು ಬಲಿಯುವ ಮೊದಲೇ ಗೊತ್ತಾಗುತ್ತಿತ್ತೇನೋ. ಈ ಐದು ವರ್ಷ ಅವರು ಬೆಳಗಿನ ಹಾಲಿಗೆ, ಸಂಜೆ ದೇವಸ್ಥಾನಕ್ಕೆ, ಮಳೆಯಲ್ಲಿ ಬೇಲೂರಿನ ನೆಂಟರ ಮನೆಗೆ ಆ ಕಣ್ಣಿನಲ್ಲೇ ಓಡಾಡಿದ್ದಾರೆ. ಎದುರಿನಿಂದ ಬರುವ ಗಾಡಿಯ ಲೈಟು ಕಣ್ಣಿಗೆ ಚುಚ್ಚುತ್ತದೆ ಎಂದು ಅವರು ಆಗಾಗ ಹೇಳುತ್ತಿದ್ದದ್ದನ್ನು ಈಗಿನ ಹೊಸ ಲೈಟುಗಳ ತಪ್ಪು ಎಂದುಕೊಂಡಿದ್ದೆವು. ಪೊರೆ ಬಂದ ಕಣ್ಣಿನ ಮೊದಲ ದೂರುಗಳಲ್ಲಿ ಅದೂ ಒಂದು.

ಆದ್ದರಿಂದ ಫಾರಂ 1ಎ ಹಿಡಿದುಕೊಂಡು ಹೋಗಬೇಕಾದದ್ದು ನಿಮ್ಮನ್ನು ವರ್ಷಗಳಿಂದ ನೋಡುತ್ತಿರುವ ವೈದ್ಯರ ಹತ್ತಿರ. ಅದಕ್ಕೂ ಮೊದಲು ಕಣ್ಣಿನ ಡಾಕ್ಟರ ಹತ್ತಿರ. ಬರೀ ಕನ್ನಡಕದ ನಂಬರ್ ತೆಗೆಸಿದರೆ ಸಾಲದು. ಗ್ಲಾಕೋಮಾ ಇದ್ದರೆ ನೇರ ನೋಟ ಚೆನ್ನಾಗಿಯೇ ಇದ್ದು ಅಕ್ಕಪಕ್ಕದ ನೋಟ ನಿಧಾನವಾಗಿ ಕಿರಿದಾಗುತ್ತದೆ. ಗೋಡೆಯ ಮೇಲಿನ ಅಕ್ಷರವನ್ನು ಕೊನೆಯ ಸಾಲಿನವರೆಗೆ ಓದುವವರಿಗೂ ಅಡ್ಡರಸ್ತೆಯಿಂದ ಬರುವ ಸೈಕಲ್ ಕಾಣದೆ ಹೋಗಬಹುದು. ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ ಪಾದದ ಸ್ಪರ್ಶ ಹೇಗಿದೆ ಎಂದೂ ಕೇಳಿ. ಪಾದ ಮರಗಟ್ಟಿದವರಿಗೆ ಬ್ರೇಕ್ ಎಷ್ಟು ಒತ್ತಿದೆ ಎನ್ನುವುದು ಕಾಲಿಗೆ ತಿಳಿಯುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಸಕ್ಕರೆ ದಿಢೀರನೆ ಇಳಿದ ಪ್ರಸಂಗಗಳನ್ನು ಮುಚ್ಚಿಡದೆ ಹೇಳಬೇಕು. ನಿದ್ರೆ ಮಾತ್ರೆಯ ಮಂಪರು ಬೆಳಿಗ್ಗೆವರೆಗೂ ಉಳಿಯಬಹುದು, ಆ ಚೀಟಿಯನ್ನೂ ಜೊತೆಗೊಯ್ಯಿರಿ. ಇನ್ನು ಕುತ್ತಿಗೆ. ರಿವರ್ಸ್ ತೆಗೆಯುವಾಗ ಹಿಂತಿರುಗಿ ನೋಡಲು ಆಗುತ್ತಿದೆಯೇ ಎಂದು ಫಾರಂ ಕೇಳುವುದಿಲ್ಲ, ಮನೆಯವರೇ ಗಮನಿಸಬೇಕು.

ಅಪ್ಪನಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಕಣ್ಣು ಪೂರ್ತಿ ಮಾಗಿ, ಹೊಸ ಕನ್ನಡಕ ಬಂದು, ವೈದ್ಯರು ಗಾಡಿ ಓಡಿಸಲು ಅಡ್ಡಿಯಿಲ್ಲ ಎನ್ನುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಫಾರಂ 1ಎ ತುಂಬಿಸಿದ್ದು ಆಮೇಲೆ. ಕೊನೆಯ ವಾರದಲ್ಲಿ ಎದ್ದುಬಿದ್ದು ಓಡಿದ್ದರೆ ಎರಡೇ ದಾರಿ ಇರುತ್ತಿತ್ತು, ಸುಳ್ಳು ಸರ್ಟಿಫಿಕೇಟ್ ತರಿಸುವುದು ಅಥವಾ ಅವಧಿ ಮೀರಲು ಬಿಡುವುದು.

ಅರ್ಜಿಯ ಕೆಲಸ ಇದಕ್ಕೆ ಹೋಲಿಸಿದರೆ ಸಲೀಸು. ಕೇಂದ್ರ ಸಾರಿಗೆ ಇಲಾಖೆಯ ಸಾರಥಿ ಜಾಲತಾಣದಲ್ಲಿ ಕರ್ನಾಟಕ ಆಯ್ದುಕೊಂಡು, ಲೈಸೆನ್ಸ್ ಸಂಖ್ಯೆ, ಹುಟ್ಟಿದ ದಿನಾಂಕ ಕೊಟ್ಟರೆ ವಿವರ ತೆರೆದುಕೊಳ್ಳುತ್ತದೆ. ನವೀಕರಣ ಆರಿಸಿ, ಫಾರಂ 1ಎ ಮತ್ತಿತರ ದಾಖಲೆಗಳನ್ನು ಅಪ್‌ಲೋಡ್ ಮಾಡಿ ಶುಲ್ಕ ಕಟ್ಟುವುದು. ಕೇಂದ್ರದ ನಿಯಮದಲ್ಲಿ ನವೀಕರಣಕ್ಕೆ 200 ರೂಪಾಯಿ, ಸ್ಮಾರ್ಟ್ ಕಾರ್ಡಿಗೆ ಇನ್ನೊಂದು 200. ತಡ ಮಾಡಿದವರಿಗೆ ಶುಲ್ಕ ಹೆಚ್ಚು. ಚಾಲನಾ ಪರೀಕ್ಷೆ ಬೇಕಿಲ್ಲದ ನವೀಕರಣವನ್ನು ಆಧಾರ್ ದೃಢೀಕರಣದ ಮೂಲಕ ಆನ್‌ಲೈನಿನಲ್ಲೇ ಮಾಡಬಹುದು ಎಂದು ಕೇಂದ್ರ ಸರ್ಕಾರ 2021ರ ಮಾರ್ಚ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಅದಾಗದಿದ್ದರೆ ದಿನ ಗೊತ್ತು ಮಾಡಿಕೊಂಡು ಆರ್‌ಟಿಒಗೆ ಹೋಗಿ ಫೋಟೊ ತೆಗೆಸಿಕೊಳ್ಳಬೇಕು.

ಹಿರಿಯರ ಅರ್ಜಿ ಸಿಕ್ಕಿಬೀಳುವ ಜಾಗಗಳು ಬೇರೆಯೇ ಇವೆ. ಲೈಸೆನ್ಸ್‌ನಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಊರು, ತಂದೆಯ ಹೆಸರು ಸೇರಿದ ಉದ್ದ ಹೆಸರು. ಆಧಾರ್‌ಗೆ ಜೋಡಿಸಿದ ಮೊಬೈಲು ನಂಬರ್ ಯಾವಾಗಲೋ ಬಿಟ್ಟ ಹಳೆಯದು, ಹಾಗಾಗಿ ಒಟಿಪಿ ಬರುವುದೇ ಇಲ್ಲ. ಊರಿನ ಮನೆ ಬಿಟ್ಟು ಮಗಳ ಮನೆಗೆ ಬಂದವರ ಕಾರ್ಡಿನಲ್ಲಿ ಹಳೆಯ ವಿಳಾಸ. ಹೊಸ ಕಾರ್ಡು ಬೀಗ ಹಾಕಿದ ಮನೆಗೆ ಹೋಗದಿರಬೇಕಾದರೆ ವಿಳಾಸ ಬದಲಾವಣೆಯನ್ನೂ ಆಗಲೇ ಮಾಡಿಸಬೇಕು. ಇದೆಲ್ಲಕ್ಕಿಂತ ತೊಡಕಿನದು ಹಳೆಯ ಪುಸ್ತಕದ ಲೈಸೆನ್ಸ್. ಫೋಟೊ ಅಂಟಿಸಿ, ಕೈಬರಹದಲ್ಲಿ ತುಂಬಿ, ದುಂಡು ಸೀಲು ಒತ್ತಿದ ಆ ಪುಸ್ತಕಗಳ ವಿವರ ಕಂಪ್ಯೂಟರಿಗೆ ಏರದೇ ಉಳಿದಿರಬಹುದು. ಈಗಿನ ಸಂಖ್ಯೆಗೆ ಹದಿನೈದು ಅಕ್ಷರ: ಕೆಎ, ಕಚೇರಿಯ ಎರಡಂಕಿ, ವರ್ಷದ ನಾಲ್ಕಂಕಿ, ಆಮೇಲೆ ಏಳಂಕಿ. ಹಳೆಯ ಸಂಖ್ಯೆ ಹಾಕಿದಾಗ ಸಾರಥಿಯಲ್ಲಿ ಏನೂ ಸಿಗದಿದ್ದರೆ, ಮೂಲ ಪುಸ್ತಕ ಹಿಡಿದುಕೊಂಡು ಅದನ್ನು ಕೊಟ್ಟ ಆರ್‌ಟಿಒಗೇ ಹೋಗಿ ದಾಖಲು ಮಾಡಿಸಬೇಕು. ಪುಸ್ತಕ ಎಷ್ಟೇ ಹರಿದಿದ್ದರೂ ಎಸೆಯಬೇಡಿ.

ಒಂದು ಸೌಲಭ್ಯ ಅನೇಕರಿಗೆ ಗೊತ್ತೇ ಇಲ್ಲ. ಲೈಸೆನ್ಸ್‌ನಲ್ಲಿ ಸ್ಕೂಟರು, ಕಾರು ಎಂದು ಎರಡು ವಾಹನ ವರ್ಗಗಳಿದ್ದರೆ ಒಂದನ್ನು ಮಾತ್ರ ಬಿಟ್ಟುಕೊಡಬಹುದು. ಸಾರಥಿಯಲ್ಲಿ ಇದಕ್ಕೆಂದೇ ಸೇವೆಯಿದೆ. ಗಾಡಿ ಪೂರ್ತಿ ಬಿಡಿ ಅಥವಾ ಮೊದಲಿನಂತೆಯೇ ಓಡಿಸಿ ಎಂದು ಮನೆಯಲ್ಲಿ ಜಗಳವಾಗುವ ಬದಲು ಈ ನಡುವಿನ ದಾರಿಯ ಬಗ್ಗೆ ಮಾತಾಡಬಹುದು. ಮೊಣಕಾಲು ನೋವಿರುವವರಿಗೆ ಸ್ಕೂಟರನ್ನು ನಿಂತಲ್ಲೇ ಆಧರಿಸಿ ಹಿಡಿಯುವುದೇ ಕಷ್ಟ, ಕಾರು ಸುಲಭ. ಅಪ್ಪನ ಮುಂದೆ ಈ ಮಾತೆತ್ತಿದಾಗ ಅವರು ಕೂಡಲೇ ಒಪ್ಪಲಿಲ್ಲ. ಅಮ್ಮನನ್ನು ಹಿಂದೆ ಕೂರಿಸಿಕೊಂಡು ಮೂವತ್ತು ವರ್ಷ ಓಡಿಸಿದ ಸ್ಕೂಟರು ಅದು. ಎರಡು ವರ್ಗವೂ ಇರಲಿ, ಆದರೆ ಸ್ಕೂಟರು ನಮ್ಮ ಬಡಾವಣೆಯ ಒಳಗಷ್ಟೇ, ಕತ್ತಲಾದ ಮೇಲೆ ಕಾರೂ ಇಲ್ಲ ಎಂದು ತಾವೇ ಹೇಳಿದರು. ಕಾನೂನಿನಲ್ಲಿ ಇಲ್ಲದ ಆ ಕರಾರನ್ನು ನಾನು ಫಾರಂ 1ಎಯಷ್ಟೇ ಗೌರವಿಸುತ್ತೇನೆ. ಅಂದಹಾಗೆ, ಕಾಯಿಲೆಯಿಂದಾಗಿ ಒಬ್ಬರು ಗಾಡಿ ಓಡಿಸಲು ಯೋಗ್ಯರಲ್ಲ ಎಂದು ನಂಬಲು ಕಾರಣವಿದ್ದರೆ ಅವಧಿಯ ನಡುವೆಯೇ ಹೊಸ ಪ್ರಮಾಣಪತ್ರ ಕೇಳುವ, ಲೈಸೆನ್ಸ್ ರದ್ದು ಮಾಡುವ ಅಧಿಕಾರ ಕಾಯ್ದೆಯ 16ನೇ ಕಲಮಿನಲ್ಲಿದೆ.

ಕಾರ್ಡು ಅಂಚೆಯಲ್ಲಿ ಬಂದಾಗ ಹಾಗೇ ಬೀರುವಿನಲ್ಲಿಡಬೇಡಿ. ಹೆಸರು, ಹುಟ್ಟಿದ ದಿನ, ವಿಳಾಸ, ಎನ್‌ಟಿ ಅವಧಿ, ಎಂಸಿಡಬ್ಲ್ಯೂಜಿ ಎಂಬ ಗೇರ್ ಬೈಕಿನ ವರ್ಗ, ಎಲ್‌ಎಂವಿ ಎಂಬ ಕಾರಿನ ವರ್ಗ ಎಲ್ಲವೂ ಹಳೆಯ ಕಾರ್ಡಿನಲ್ಲಿದ್ದಂತೆ ಇವೆಯೇ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ವರ್ಗವೊಂದು ಬಿಟ್ಟುಹೋಗಿದ್ದರೆ ಈಗಲೇ ಕೇಳಬೇಕು, ಐದು ವರ್ಷ ಕಳೆದ ಮೇಲಲ್ಲ. ಡಿಜಿಲಾಕರ್‌ನಲ್ಲೂ ಹೊಸದಾಗಿ ಇಳಿಸಿಕೊಳ್ಳಿ, ಪೊಲೀಸರಿಗೆ ಅದನ್ನೇ ತೋರಿಸಬಹುದು. ಅಪ್ಪ ಕಾರ್ಡನ್ನು ಕಿಟಕಿ ಬೆಳಕಿಗೆ ಹಿಡಿದು, ಸಣ್ಣಕ್ಷರವನ್ನೂ ಬಿಡದೆ, ಒಂದೊಂದೇ ಸಾಲು ಅಮ್ಮನಿಗೆ ಓದಿ ಹೇಳಿದರು. ಹಳೆಯ ಕಾರ್ಡು ಅಮ್ಮನ ಕೈಯಲ್ಲಿತ್ತು. ‘ಸರಿ, ಮುಂದೆ ಓದಿ’ ಎನ್ನುತ್ತಾ ಅವರು ತಾಳೆ ನೋಡುತ್ತಿದ್ದರು.