ಒಂದೇ ತಾರೀಖು, ಎರಡು ನೆನಪು

ಉಗಾರ ಖುರ್ದದ ಸಂತೆಯಲ್ಲಿ ಕನ್ನಡದಲ್ಲಿ ಶುರುವಾದ ಚೌಕಾಸಿ ಮರಾಠಿಯಲ್ಲಿ ಮುಗಿಯುತ್ತೆ. ಯಾರಿಗೂ ಅದು ಸುದ್ದಿಯಲ್ಲ. ಆದರೆ ಇಂಥ ಊರಿನ ಶಾಲೆಯಲ್ಲಿ 1956ರ ನವೆಂಬರ್ 1ರ ಪಾಠ ಮಾಡೋದು ಹೇಗೆ?

ಅವತ್ತು ಬೆಳಗಾವಿ ಜಿಲ್ಲೆ, ಚಂದಗಡ ತಾಲ್ಲೂಕೊಂದನ್ನು ಬಿಟ್ಟು, ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ನಮಗದು ಹಬ್ಬ. ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಗೆ ಅದೇ ಕರಾಳ ದಿನ. ಎರಡೂ ಥರದ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರಬಹುದು, ನೋಡಿ.

ಗಡಿಯಾಚೆ ಜತ್ತದ ಕನ್ನಡ ಶಾಲೆಯ ಮಗು ಶಿವಾಜಿಯನ್ನು ಕನ್ನಡದಲ್ಲೇ ಓದುತ್ತೆ. ಈಚೆ ಮರಾಠಿ ಶಾಲೆಯ ಮಗು ಕಿತ್ತೂರು ಚೆನ್ನಮ್ಮನನ್ನು ಮರಾಠಿಯಲ್ಲಿ ಓದುತ್ತೆ. ಇದು ಲಾಭವೇ ಅಂತೀನಿ ನಾನು. ತೊಂದರೆ ಇರೋದು ಮನೆಯಲ್ಲಿ ಕೇಳಿದ ಮಾತಿಗೆ ಕ್ಲಾಸಿನಲ್ಲಿ ಜಾಗ ಇಲ್ಲದಾಗ. ಆಗ ಮಗು ಸುಮ್ಮನಾಗುತ್ತೆ, ಉತ್ತರ ವಾಟ್ಸಾಪ್‌ನಲ್ಲಿ ಹುಡುಕುತ್ತೆ. (ನಮ್ಮ ಚಾನೆಲ್‌ಗಳ ಕೂಗಾಟದಲ್ಲೂ.)

ಮಾಸ್ತರರ ಕೈಯಲ್ಲಿ 1967ರ ಮಹಾಜನ ವರದಿ ಇದೆಯಲ್ಲ! ನಿಪ್ಪಾಣಿ ಸೇರಿ 264 ಊರು ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆ ಸೇರಿ 247 ಊರು ನಮಗೆ, ಬೆಳಗಾವಿ ಇಲ್ಲೇ. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಇಷ್ಟನ್ನು ಬೋರ್ಡಿನ ಮೇಲೆ ಬರೆದು ಮಾಸ್ತರರು ಹೇಳಲಿ: ‘ಮನೆಯಲ್ಲಿ ಅಜ್ಜ-ಅಜ್ಜಿ ಏನಂತಾರೆ, ಕೇಳ್ಕೊಂಡು ಬರ್ರಿ. ನಾಳೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದೋಣ.’