ಇನ್‌ಸ್ಕ್ರಿಪ್ಷನ್, ಈಡಿಕ್ಟ್ ಮತ್ತು ನಮ್ಮ ‘ಶಾಸನ’

ಇಂಗ್ಲಿಷಿನ ‘ಇನ್‌ಸ್ಕ್ರಿಪ್ಷನ್’, ‘ಈಡಿಕ್ಟ್’ ಎಂಬೆರಡು ಪದಗಳಿಗೂ ಕನ್ನಡದಲ್ಲಿ ನಾವು ‘ಶಾಸನ’ವೆಂಬ ಒಂದೇ ಪದವನ್ನು ಬಳಸುತ್ತಿರುವೆವು. ಇದರಿಂದ ಇತಿಹಾಸದ ವಿದ್ಯಾರ್ಥಿಗೆ ಒದಗುವ ತೊಡಕು ಅಲ್ಪವಾದುದಲ್ಲ. ಮೊದಲನೆಯ ಪದದ ಲ್ಯಾಟಿನ್ ಮೂಲಕ್ಕೆ ಮೇಲೆ ಬರೆಯುವುದೆಂದೂ, ಎರಡನೆಯದರ ಮೂಲಕ್ಕೆ ಸಾರಿ ಹೇಳುವುದೆಂದೂ ಅರ್ಥ. ಕಲ್ಲಿನ ಮೇಲೆ ಯಾರು ಏನನ್ನು ಕೊರೆಯಿಸಿದರೂ ಅದು ಇನ್‌ಸ್ಕ್ರಿಪ್ಷನ್. ಆಳುವವನ ಆಜ್ಞೆಯು ಓಲೆಯ ಮೇಲಿದ್ದರೂ, ಡಂಗುರದ ಮೂಲಕ ಹೊರಟರೂ ಈಡಿಕ್ಟ್. ನಮ್ಮ ‘ಶಾಸನ’ವಾದರೋ ‘ಶಾಸ್’ ಎಂಬ ಸಂಸ್ಕೃತ ಧಾತುವಿನಿಂದ ಹುಟ್ಟಿ ಆಜ್ಞೆಯ ಅರ್ಥವನ್ನೇ ಹೊತ್ತಿದೆ. ಶಾಸನಸಭೆ ಎನ್ನುವಾಗ ಇಂದಿಗೂ ಉಳಿದಿರುವುದು ಆ ಅರ್ಥವೇ. ದತ್ತಿಯ ತಾಮ್ರಪಟಗಳಿಗೆ ಈ ಹೆಸರು ಸಹಜವಾಗಿ ಸಲ್ಲುತ್ತದೆ. ಅಲ್ಲಿ ಅರಸನು ಭೂಮಿಯನ್ನು ಕೊಟ್ಟು, ಕೊಟ್ಟುದನ್ನು ಯಾರೂ ಅಪಹರಿಸಬಾರದೆಂದು ವಿಧಿಸುತ್ತಾನೆ. ವೀರಗಲ್ಲಿನ ಬರಹಕ್ಕೂ ಅದೇ ಹೆಸರನ್ನಿಟ್ಟಾಗಲೇ ತೊಡಕು.

ಗುಂಡ್ಲುಪೇಟೆ ತಾಲ್ಲೂಕಿನ ನಮ್ಮ ಬೇಗೂರಿನ ಕಡೆಯ ವಿದ್ಯಾರ್ಥಿಯು ‘ಬೇಗೂರು ಶಾಸನ’ವೆಂಬ ಮಾತನ್ನು ಓದಿ ತನ್ನ ಊರಿನದೆಂದು ಹಿಗ್ಗಬಹುದು. ಆ ಪ್ರಸಿದ್ಧ ಕಲ್ಲುಗಳು ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನವು. (ನಮ್ಮ ತಾಲ್ಲೂಕಿನ ಬರಹಗಳನ್ನು ಬಿ. ಎಲ್. ರೈಸರು 1898ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು.) ಊರಿನ ಭ್ರಾಂತಿ ಭೂಪಟದಿಂದ ತೀರುತ್ತದೆ, ಪದದ ಭ್ರಾಂತಿ ಹಾಗೆ ತೀರದು. ಸುಮಾರು ಕ್ರಿ.ಶ. 890ರ ಒಂದು ಬೇಗೂರು ಕಲ್ಲು ‘ಬೆಂಗಳೂರ’ ಕಾಳಗದಲ್ಲಿ ಸಂಭವಿಸಿದ ಮರಣವನ್ನು ಹೇಳುತ್ತದೆ. ಅಲ್ಲಿ ಯಾರೂ ಯಾರಿಗೂ ಏನನ್ನೂ ಆಜ್ಞಾಪಿಸಿಲ್ಲ. ಅದನ್ನು ರಾಜಶಾಸನವೆಂದು ಭಾವಿಸಿದವನು ಸತ್ತವನನ್ನು ಮರೆತು ಇಲ್ಲದ ಅರಸನನ್ನು ಹುಡುಕುತ್ತಾನೆ. ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಸೇರಿದ ಇನ್ನೊಂದು ಬೇಗೂರು ಕಲ್ಲಿನ ಸಂಗತಿ ಬೇರೆ. ನಾಗತ್ತರನು ಯುದ್ಧದಲ್ಲಿ ಮಡಿದ ಮೇಲೆ ಗಂಗ ಅರಸ ಎರೆಯಪ್ಪನು ಆ ಪದವಿಯನ್ನೂ ಬೆಂಪೂರು ಹನ್ನೆರಡನ್ನೂ ಇರುಗನಿಗೆ ಕೊಟ್ಟುದು ಅದರಲ್ಲಿದೆ. ಸ್ಮಾರಕವೂ ರಾಜನ ದತ್ತಿಯೂ ಒಂದೇ ಕಲ್ಲಿನಲ್ಲಿ ಕೂಡಿರುವುದರಿಂದ ಅದು ಈಡಿಕ್ಟಿನ ಹತ್ತಿರಕ್ಕೆ ಬರುತ್ತದೆ.

ಇಂಗ್ಲಿಷರೂ ಈ ವಿಷಯದಲ್ಲಿ ತೀರ ನಿಷ್ಕೃಷ್ಟರೆಂದು ನಮಗೆ ತೋರುವುದಿಲ್ಲ. ಅಶೋಕನು ತನ್ನ ಹೆಬ್ಬಂಡೆಗಳ ಬರಹವನ್ನು ‘ಧಮ್ಮಲಿಪಿ’ ಎಂದು ಕರೆದುಕೊಂಡನು, ಲಿಪಿಯೆಂದರೆ ಬರಹವೇ. ಅವರು ಅವುಗಳನ್ನೆಲ್ಲ ಈಡಿಕ್ಟ್‌ಗಳೆಂದರು. ಆದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ, ರೈಸರು 1892ರಲ್ಲಿ ಬೆಳಕಿಗೆ ತಂದ ಬಂಡೆಯ ಮೇಲೆ, ಆ ಹೆಸರು ಚೆನ್ನಾಗಿ ಒಪ್ಪುತ್ತದೆ: ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ನಿರೂಪವದು. ಅದರ ಕೊನೆಯಲ್ಲಿ ಬರೆದವನಾದ ಚಪಡನು ತನ್ನ ಹೆಸರನ್ನು ಸೇರಿಸಿ, ಲಿಪಿಕಾರನೆಂಬ ಮಾತನ್ನು ವಾಯವ್ಯ ದೇಶದ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಆ ಭಾಗಕ್ಕೆ ಇನ್‌ಸ್ಕ್ರಿಪ್ಷನ್ ಎಂಬ ಪದವೊಂದೇ ಸಲ್ಲುತ್ತದೆ.