ಕ್ಯಾಮರಾ ಭಾರ ಕುತ್ತಿಗೆಗೆ ಬೇಡ

ಮದುವೆ ಫೋಟೋ ತೆಗೆಯುವ ಮಗನೋ ತಮ್ಮನೋ ನಿಮ್ಮ ಮನೆಯಲ್ಲಿದ್ದರೆ ಅವನ ಬ್ಯಾಗನ್ನು ಒಮ್ಮೆ ಎತ್ತಿ ನೋಡಿ. 2.8 ಅಪರ್ಚರ್‌ನ 70-200 ಮಿ.ಮೀ. ಜೂಮ್ ಲೆನ್ಸ್ ಒಂದೇ ಒಂದರಿಂದ ಒಂದೂವರೆ ಕಿಲೋ ತೂಗುತ್ತದೆ. ಕ್ಯಾಮರಾ, ಫ್ಲ್ಯಾಷ್, ಬ್ಯಾಟರಿ ಬೇರೆ. ಮುಹೂರ್ತದಿಂದ ಆರತಕ್ಷತೆಯವರೆಗೆ ಇಷ್ಟೂ ಒಂದೇ ಹೆಗಲಲ್ಲಿ ನೇತಾಡಿದರೆ, ಪಟ್ಟಿ ಜಾರದಿರಲೆಂದು ಆ ಹೆಗಲು ತಾನಾಗಿ ಮೇಲೇರುತ್ತದೆ. ಕುತ್ತಿಗೆಯ ಸ್ನಾಯು ದಿನವಿಡೀ ಬಿಗಿದೇ ಇರುತ್ತದೆ. ರಾತ್ರಿ ನೋವು, ಕೆಲವರಿಗೆ ಬೆರಳುಗಳಲ್ಲಿ ಜೋಮು. ಬರೀ ಮುಲಾಮು ತಿಕ್ಕಿದರೆ ಸಾಲದು.

ಕ್ಯಾಮರಾ ಜೊತೆ ಬರುವ ಸಪೂರ ಪಟ್ಟಿಯ ಬದಲು ಮೂರು ಬೆರಳಗಲದ, ಮೆತ್ತನೆಯ ಪಟ್ಟಿ ಕೊಡಿಸಿ. ಅದನ್ನು ಹಾರದಂತೆ ಕೊರಳಿಗೆ ಹಾಕದೆ ಜನಿವಾರದಂತೆ ಅಡ್ಡಲಾಗಿ ಧರಿಸಲಿ. ಬ್ಯಾಗಿಗೆ ಎರಡು ಪಟ್ಟಿ, ಜೊತೆಗೆ ಸೊಂಟದ ಬೆಲ್ಟ್ ಇರಬೇಕು. ಬೆಲ್ಟು ಸೊಂಟದ ಮೂಳೆಯ ಮೇಲೆ ಬಿಗಿಯಾಗಿ ಕೂತರೆ ಬಹುಪಾಲು ಭಾರ ಅಲ್ಲಿಗಿಳಿಯುತ್ತದೆ; ಹೊಟ್ಟೆಯ ಮೇಲೆ ಕಟ್ಟಿದರೆ ಬರೀ ಅಲಂಕಾರ. ಭಾರದ ಲೆನ್ಸು ಬೆನ್ನಿಗೆ ತಾಗುವ ಬದಿಯಲ್ಲಿರಲಿ. ಅಂಗಡಿಯಲ್ಲಿ ಖಾಲಿ ಬ್ಯಾಗುಗಳೆಲ್ಲ ಹಗುರವೇ! ಸಾಮಾನು ತುಂಬಿ ಹೊತ್ತು ನೋಡಿಯೇ ಕೊಳ್ಳಿ.

ಹಿಡಿತ ಸಡಿಲಾಗಿ ಕೈಯಿಂದ ವಸ್ತು ಜಾರುತ್ತಿದ್ದರೆ ವೈದ್ಯರಿಗೆ ತೋರಿಸಿ. ಎಡಭುಜದ ನೋವಿನೊಂದಿಗೆ ಎದೆ ಬಿಗಿತ, ಬೆವರು ಕಂಡರೆ ಬ್ಯಾಗನ್ನು ದೂರುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.